ಕತ್ತಲಾಗುವ ಮುಂಚೆ ಬಿಚ್ಚಿದ ಟೆಂಟುಗಳು

ನಾನು ಬಿಟ್ಟುಬಂದ ಜಾಗಕ್ಕೆ ಹೊಸದಾಗಿ ಬಂದಿರುವ ಪಿ.ಟಿ. ಟೀಚರ್ ಚೈತ್ರ ಮೊನ್ನೆ ಮಳವಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಒಳ್ಳೆ ಹುಡುಗಿ, ಮಾತಿನಲ್ಲಿ ಉತ್ಸಾಹ ಉಂಟು. ಕಾಫಿ ಲೋಟ ಕೆಳಗಿಡುವ ಮೊದಲೇ ಫೋನು ತೆಗೆದು, ‘ಮೇಡಂ, ಈ ವರ್ಷದ ಶಿಬಿರದಲ್ಲಿ ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡೋಣ ಅಂತಿದೀನಿ’ ಎಂದು ಒಂದು ವಿಡಿಯೊ ತೋರಿಸಿದಳು. ಯಾವುದೋ ಹಿಮ ಬೀಳುವ ಕಾಡು. ಅಲ್ಲೊಬ್ಬ ಗಡ್ಡದ ಮನುಷ್ಯ ಕಡ್ಡಿಗೆ ಕಡ್ಡಿ ಉಜ್ಜಿ ಬೆಂಕಿ ಮಾಡುತ್ತಿದ್ದ. ಉಜ್ಜಿದ, ಉಜ್ಜಿದ, ಉಜ್ಜುತ್ತಲೇ ಇದ್ದ. ನನ್ನ ಕಾಫಿ ಆರಿಹೋಯಿತು.

‘ಅಲ್ಲಮ್ಮ, ಮಳವಳ್ಳೀಲಿ ಬೆಂಕಿಪೊಟ್ಟಣ ಸಿಗಲ್ವಾ?’ ಅಂದೆ.

‘ಸರ್ವೈವಲ್ ಟಿಪ್ಸ್ ಮೇಡಂ. ದಾರಿ ತಪ್ಪಿ, ಏನೂ ಇಲ್ಲದೇ ಇದ್ದಾಗ...’

ನಮ್ಮ ಕಡೆ ಏನೂ ಇಲ್ಲದೆ ಇರುವುದಕ್ಕೆ ಯಾರು ಬಿಡುತ್ತಾರೆ? ಮಂಡ್ಯ ಸೀಮೆಯಲ್ಲಿ ದಾರಿ ತಪ್ಪಿದವರು ಯಾವ ದಿಕ್ಕಿಗೆ ನಡೆದರೂ ಸ್ವಲ್ಪ ಹೊತ್ತಿಗೆ ಒಬ್ಬರು ಎದುರಾಗಿ, ‘ಯಾರ್ ಮಗನ್ಲಾ ನೀನು? ಉಂಡ್ಯಾ?’ ಎಂದು ಕೇಳಿಯೇ ಕೇಳುತ್ತಾರೆ. ಇಲ್ಲಿ ಬಯಲಿನಲ್ಲಿ ಬದುಕಿ ಉಳಿಯುವುದು ಕಷ್ಟವಲ್ಲ. ಬಯಲಿಗೆ ಹೋಗುವುದಕ್ಕೆ ಅಪ್ಪಣೆ ಪಡೆದು ಬದುಕಿ ಉಳಿಯುವುದಿದೆಯಲ್ಲ, ಅದು ಕಷ್ಟ. ಅದನ್ನು ಯಾವ ಗಡ್ಡದವನೂ ಹೇಳಿಕೊಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಚೈತ್ರ ಓದಲಿ, ಅವಳಂಥ ಹೊಸಬರೆಲ್ಲ ಓದಲಿ.

ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರ್ ಅಂದರೆ ಶೀಟಿ ಊದುವವಳು, ಪ್ರಾರ್ಥನೆಗೆ ಸಾಲು ನಿಲ್ಲಿಸುವವಳು, ಬೇರೆ ಮೇಷ್ಟರು ರಜೆ ಹಾಕಿದರೆ ಅವರ ಕ್ಲಾಸು ಕಾಯುವವಳು. ಜೊತೆಗೆ ವರ್ಷಕ್ಕೊಂದು ಹೊರಾಂಗಣ ಶಿಬಿರ. ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನಾಲ್ಕಾರು ಶಾಲೆಗಳಲ್ಲಿ ಕೆಲಸ ಮಾಡಿದೆ. ಎಲ್ಲ ಕಡೆಯೂ ಶಿಬಿರದ ನಿಯಮ ಒಂದೇ. ಗಂಡುಹುಡುಗರು ಟೆಂಟು ಕಟ್ಟಿ ಅದರಲ್ಲಿ ಮಲಗಿ ಬೆಳಿಗ್ಗೆ ಏಳಬೇಕು. ಹೆಣ್ಣುಮಕ್ಕಳು ಟೆಂಟು ಕಟ್ಟಿ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಕತ್ತಲಾಗುವ ಮುಂಚೆ ಬಿಚ್ಚಿ ಮನೆಗೆ ಹೋಗಬೇಕು. ಬರೆದಿಟ್ಟ ನಿಯಮವಲ್ಲ. ಬರೆದಿಟ್ಟಿದ್ದರೆ ಹರಿದು ಹಾಕಬಹುದಿತ್ತು. ನನ್ನ ಇಡೀ ಕೆಲಸದಲ್ಲಿ ನಾನು ಆಸೆಪಟ್ಟಿದ್ದು ಒಂದೇ: ನಮ್ಮ ಹುಡುಗಿಯರು ತಾವು ಕಟ್ಟಿದ ಟೆಂಟಿನಲ್ಲಿ ಒಂದು ರಾತ್ರಿ ಮಲಗಬೇಕು. ಒಂದು. ಅದಕ್ಕಾಗಿ ನಾನು ಸವೆಸಿದ ಚಪ್ಪಲಿಗಳ ರಾಶಿ ಹಾಕಿದ್ದರೆ ಅದರಲ್ಲೇ ಒಂದು ಟೆಂಟು ಆಗುತ್ತಿತ್ತು.

ಮೊದಲ ಶಿಬಿರ ನಿಡಘಟ್ಟದ ಹತ್ತಿರದ ಒಂದು ತೆಂಗಿನ ತೋಟದಲ್ಲಿ. ಇಲಾಖೆಯಿಂದ ಬಂದ ಟೆಂಟು ಎರಡೇ, ಎರಡೂ ಗಂಡುಹುಡುಗರಿಗೆ. ‘ಹೆಣ್ಮಕ್ಕಳು ಹೇಗೂ ಸಾಯಂಕಾಲ ಹೋಗ್ತಾರಲ್ಲ ಮೇಡಂ’ ಅಂದರು ಹೆಡ್‌ಮೇಷ್ಟ್ರು. ನಾನು ಸಿಟ್ಟಿಗೆ ಊರೊಳಗೆ ಹೋಗಿ ಖಾಲಿ ಯೂರಿಯಾ ಚೀಲಗಳನ್ನು ಕೇಳಿ ತಂದೆ. ತೊಳೆದು, ಹೊಲಿಗೆ ಬಿಚ್ಚಿ, ದಬ್ಬಣ ಮತ್ತು ನೈಲಾನ್ ದಾರದಲ್ಲಿ ಒಂದಕ್ಕೊಂದು ಸೇರಿಸಿ ಹೊಲಿದರೆ ಆರು ಮಕ್ಕಳು ಮಲಗುವಷ್ಟು ದೊಡ್ಡ ಹಾಳೆ. ಮೇಲಿನ ಹೊಲಿಗೆ ಸಾಲಿಗೆ ಮೇಣದಬತ್ತಿ ಉಜ್ಜಿದರೆ ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ. ಇವತ್ತಿಗೂ ಇದು ನಡೆಯುತ್ತದೆ, ಬರೆದುಕೊಳ್ಳಿ.

ಹಾಳೆಗೆ ಹಗ್ಗ ಕಟ್ಟಲು ತೂತು ಮಾಡಬೇಡಿ. ಮಾಡಿದರೆ ಮೊದಲ ಗಾಳಿಗೇ ಹರಿಯುತ್ತದೆ. ಮೂಲೆಯಲ್ಲಿ ನಿಂಬೆಹಣ್ಣಿನ ಗಾತ್ರದ ದುಂಡು ಕಲ್ಲಿಟ್ಟು, ಹಾಳೆಯನ್ನು ಅದರ ಸುತ್ತ ಹಿಡಿದು, ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿಯಿರಿ. ಎಷ್ಟು ಎಳೆದರೂ ಬಿಡುವುದಿಲ್ಲ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ನೆಟ್ಟಗೆ ಹೊಡೆದರೆ ಹಗ್ಗ ಜಾರಿ ಮೇಲೆ ಬರುತ್ತದೆ. ಇನ್ನು ಗಂಟು. ನನಗೆ ತರಬೇತಿಯಲ್ಲಿ ಇಂಗ್ಲಿಷ್ ಹೆಸರಿನ ಹತ್ತು ಗಂಟು ಕಲಿಸಿದ್ದರು. ಹುಡುಗಿಯರಿಗೆ ಕಲಿಸೋಣ ಅಂತ ಹೋದರೆ ಅದರಲ್ಲಿ ಒಂದನ್ನು ನೋಡಿ ಎಲ್ಲರೂ ನಕ್ಕರು. ಅವರು ದಿನಾ ಎಮ್ಮೆ ಕಟ್ಟುವ ಗಂಟು ಅದು.

ಅವತ್ತು ಹುಡುಗಿಯರ ಯೂರಿಯಾ ಟೆಂಟು ಇಲಾಖೆಯ ಟೆಂಟಿಗಿಂತ ಬಿಗಿಯಾಗಿ ನಿಂತಿತ್ತು. ಐದು ಗಂಟೆ ಆಗುತ್ತಲೂ ತೋಟದ ಬೇಲಿ ಪಕ್ಕ ಅಪ್ಪಂದಿರ ಸೈಕಲ್ಲು, ಲೂನಾಗಳು ಬಂದು ನಿಂತವು. ನಾನು ‘ಬಿಚ್ಚಿ ಮಕ್ಕಳೆ’ ಅಂದೆ. ರೂಪ ಅಂತ ಒಂಬತ್ತನೇ ಕ್ಲಾಸಿನ ಹುಡುಗಿ, ಗೂಟ ಕೀಳುತ್ತ ತಲೆ ಎತ್ತದೆ ಕೇಳಿದಳು: ‘ಮಿಸ್, ಕಟ್ಟದೂ ನಾವು, ಬಿಚ್ಚದೂ ನಾವು. ಮಧ್ಯದ್ದು ಯಾರ್ಗೆ?’

ಬಿ.ಪಿ.ಎಡ್. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿರಲಿಲ್ಲ.

ಮುಂದಿನ ವರ್ಷದಿಂದ ನಾನು ಅರ್ಜಿ ಬರೆಯಲು ಶುರು ಮಾಡಿದೆ. ಹೆಡ್‌ಮೇಷ್ಟ್ರು ಅದನ್ನು ಓದಿ, ‘ಹೆಣ್ಮಕ್ಳು ಮೇಡಂ. ನಾಳೆ ಏನಾದ್ರೂ ಆದ್ರೆ?’ ಅಂದರು. ಅವರ ನಂತರ ಬಂದ ಹೆಡ್‌ಮೇಷ್ಟ್ರೂ ‘ಏನಾದ್ರೂ ಆದ್ರೆ?’ ಅಂದರು. ಅವರ ಮೇಲಿನ ಆಫೀಸರೂ ಅದನ್ನೇ ಅಂದರು. ಈ ‘ಏನಾದ್ರೂ’ ಅಂದರೆ ಏನು ಅಂತ ಕೇಳಿದರೆ ಎಲ್ಲರೂ ಕಿಟಕಿ ಕಡೆ ನೋಡುತ್ತಿದ್ದರು. ಮಳೆಯೋ, ಹಾವೋ, ಕಳ್ಳರೋ ಹೇಳಿ ಸ್ವಾಮಿ, ಅದಕ್ಕೆ ತಕ್ಕ ವ್ಯವಸ್ಥೆ ಮಾಡ್ತೀನಿ ಅಂದರೆ, ‘ನಿಮಗೆ ಗೊತ್ತಾಗಲ್ಲ ಬಿಡಿ’ ಎನ್ನುತ್ತಿದ್ದರು. ಹೆಂಗಸಾದ ನನಗೆ ಗೊತ್ತಾಗದ್ದು ಇವರಿಗೆ ಏನು ಗೊತ್ತಿತ್ತೋ ದೇವರೇ ಬಲ್ಲ.

ಇದರ ನಡುವೆ ನನ್ನದೂ ಎಡವಟ್ಟುಗಳು ಆದವು, ಇಲ್ಲ ಅನ್ನುವುದಿಲ್ಲ. ಮದ್ದೂರು ಕಡೆ ಒಂದು ವರ್ಷ ತೋಟ ಸಿಗಲಿಲ್ಲ. ಮರಿಗೌಡರು ಅಂತ ಒಬ್ಬರು ತಮ್ಮ ಒಣಗಿದ ಗದ್ದೆ ಬಯಲನ್ನೇ ಬಿಟ್ಟುಕೊಟ್ಟರು. ಒಳ್ಳೆ ಸಮತಟ್ಟಾದ ನೆಲ, ಗಟ್ಟಿ ಮಣ್ಣು, ಗೂಟ ಹೊಡೆದರೆ ಕಲ್ಲಿನಂತೆ ನಿಲ್ಲುತ್ತಿತ್ತು. ನಾನು ಖುಷಿಯಲ್ಲಿ ಟೆಂಟುಗಳನ್ನು ಸಾಲಾಗಿ ಹಾಕಿಸಿದೆ. ನಮ್ಮ ಕಡೆ ನಾಲೆಯಲ್ಲಿ ನೀರು ಬಿಡುವುದು ಕಟ್ಟು ಪದ್ಧತಿಯಲ್ಲಿ. ಇಷ್ಟು ದಿನ ನಿಮಗೆ, ಇಷ್ಟು ದಿನ ಅವರಿಗೆ. ಇದು ಗೊತ್ತಿದ್ದೂ ಗೊತ್ತಿದ್ದೂ ನಾನು ಈ ಬಯಲಿನ ಸರದಿ ಯಾವಾಗ ಅಂತ ಕೇಳಲಿಲ್ಲ. ಬೇಸಾಯದ ಮನೆಯಲ್ಲಿ ಹುಟ್ಟಿದವಳು ನಾನು!

ಮಧ್ಯಾಹ್ನದ ಅಡಿಗೆಗೆ ಕಲ್ಲು ಹೂಡುತ್ತಿದ್ದೆವು. ತೂಬಿನ ಕಡೆಯಿಂದ ಮರಿಗೌಡರು ಟವೆಲ್ಲು ಬೀಸುತ್ತ ಓಡಿ ಬಂದರು. ನಮ್ಮನ್ನು ಎಚ್ಚರಿಸಲು ಬಂದರು ಅಂದುಕೊಂಡೆ. ಅವರ ಮುಖದ ತುಂಬ ನಗು.

‘ಮೇಡಮ್ಮೋರೆ, ನೀರ್ ಬಂದ್ಬುಡ್ತು ಕಣಿ! ಮುಂಚೇನೇ ಬುಟ್ಬುಟ್ಟವ್ರೆ!’

‘ಗೌಡ್ರೆ, ನಮ್ಮ ಟೆಂಟು! ತೂಬು ಮುಚ್ಚಿ!’

‘ಬಂದಿರೋ ನೀರ್‌ನ ಮುಚ್ಚದಾ? ನಿಮ್ಗೇನ್ ತಲೆ ಕೆಟ್ಟದಾ?’

‘ಅಕ್ಕಿ ಚೀಲ ನೆನೀತಿದೆಯಲ್ರೀ!’

‘ನೆನೀಲಿ ಬುಡಿ, ಬಿರ್ನೆ ಬೇಯ್ತದೆ.’

ಅಷ್ಟು ಹೇಳಿ ಅವರು ಬದು ಕಟ್ಟಲು ಹೋದರು. ನಾವು ಮೊಣಕಾಲುದ್ದ ಕೆಸರಿನಲ್ಲಿ ಟೆಂಟು ಕಿತ್ತೆವು. ಹೊಸಬರು ಕಲಿಯಬೇಕಾದ ಪಾಠ ಇಷ್ಟೇ: ನೆಲ ಒಣಗಿದೆ ಅಂತ ಟೆಂಟು ಹಾಕಬೇಡಿ, ಅದು ಯಾಕೆ ಒಣಗಿದೆ ಅಂತ ಕೇಳಿ. ಸ್ವಲ್ಪ ಎತ್ತರದ ಜಾಗ ನೋಡಿ. ಟೆಂಟಿನ ಏರು ಕಡೆಯ ನೆಲದಲ್ಲಿ ಗೇಣಗಲದ ಕಾಲುವೆ ತೋಡಿ, ನೀರು ಎರಡೂ ಪಕ್ಕಕ್ಕೆ ಹರಿದುಹೋಗುವ ಹಾಗೆ ಮಾಡಿ. ಹೊಳೆದಂಡೆಯ ಊರು ಬ್ಲಫ್ ಕಡೆ ಹೋದರಂತೂ ಹೊಳೆಯ ಮರಳಿನ ಮೇಲೆ ಯಾವ ಕಾರಣಕ್ಕೂ ಹಾಕಬೇಡಿ. ಮೇಲೆ ಎಲ್ಲೋ ಮಳೆ ಬಂದಿರುತ್ತದೆ, ಎಲ್ಲೋ ಗೇಟು ಎತ್ತಿರುತ್ತಾರೆ. ಇಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಹೊಳೆ ಏರುತ್ತದೆ.

ಆ ಗದ್ದೆಯ ಘಟನೆ ಆಫೀಸಿಗೆ ಹೋಗಿ ಮುಟ್ಟಿದಾಗ ಅದರ ಆಕಾರವೇ ಬೇರೆಯಾಗಿತ್ತು. ‘ನೋಡಿದ್ರಾ, ಹಗಲು ಹೊತ್ತೇ ಹೀಗಾಗುತ್ತೆ, ಇನ್ನು ರಾತ್ರಿ ಹೆಣ್ಮಕ್ಕಳನ್ನ ಬಿಡೋಕಾಗುತ್ತಾ?’ ಅಂದರು. ಅದೇ ಕೆಸರಿನಲ್ಲಿ ಬಿದ್ದು ಎದ್ದ ಗಂಡುಹುಡುಗರನ್ನು ಮಾತ್ರ ಅದೇ ರಾತ್ರಿ ಪಕ್ಕದ ಬಯಲಿನಲ್ಲಿ ಮಲಗಿಸಿದ್ದರು.

ಬೆಂಕಿಯ ವಿಷಯ ಹೇಳಿಬಿಡುತ್ತೇನೆ, ಚೈತ್ರ ಕಡ್ಡಿ ಉಜ್ಜುತ್ತ ಕೂರುವ ಮೊದಲು. ಬೆಂಕಿಪೊಟ್ಟಣವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟುಕೊಳ್ಳಿ. ಕೆಲವು ಕಡ್ಡಿಗಳ ತಲೆಯನ್ನು ಕರಗಿದ ಮೇಣಕ್ಕೆ ಅದ್ದಿ ಬೇರೆ ಇಡಿ, ನೆಂದರೂ ಹತ್ತುತ್ತವೆ. ಒಲೆಗೆ ಮೂರು ಕಲ್ಲು, ಬಾಯಿ ಗಾಳಿ ಬರುವ ಕಡೆಗೆ ಇರಲಿ, ಆದರೆ ಗಾಳಿ ಜೋರಾಗಿದ್ದರೆ ಮೊಣಕೈ ಆಳದ ಗುಂಡಿ ತೋಡಿ ಅದರೊಳಗೆ ಹೂಡಿ. ಹೊಳೆಯೊಳಗಿನ ಕಲ್ಲು ತಂದು ಒಲೆ ಹೂಡಬೇಡಿ. ಒಳಗೆ ನೀರಿರುತ್ತದೆ, ಕಾದರೆ ಸಿಡಿಯುತ್ತದೆ. ಹತ್ತಿಸಲು ಒಣಗಿದ ತೆಂಗಿನ ನಾರು, ಉರಿಸಲು ಕರಟ. ಕಬ್ಬಿನ ತರಗನ್ನು ಮಾತ್ರ ಒಲೆ ಹತ್ತಿರ ತರಬೇಡಿ. ಹಾಸಿಕೊಳ್ಳಲು ಮೆತ್ತಗಿರುತ್ತದೆ ಅಂತ ಒಂದು ಸಲ ಹುಡುಗರು ಹೊರೆಗಟ್ಟಲೆ ತಂದು ಒಲೆಯ ಪಕ್ಕವೇ ರಾಶಿ ಹಾಕಿದರು. ಒಂದು ಕಿಡಿ ಹಾರಿತು. ನಾನು ‘ಏಯ್’ ಅನ್ನುವಷ್ಟರಲ್ಲಿ ರಾಶಿ ಇರಲಿಲ್ಲ, ನನ್ನ ಸೀರೆಯ ಸೆರಗೂ ಅರ್ಧ ಇರಲಿಲ್ಲ.

ಬಯಲಿನಲ್ಲಿ ಮುದ್ದೆ ಮಾಡುವವರಿಗೆ ಒಂದು ಮಾತು. ಮೂರು ಕಲ್ಲಿನ ಮೇಲೆ ತಪ್ಪಲೆ ಕೂರುತ್ತದೆ, ಆದರೆ ತೊಳಸುವಾಗ ಕೂತಿರುವುದಿಲ್ಲ. ಕವಲೊಡೆದ ಕೊಂಬೆಯೊಂದನ್ನು ಕಡಿದು, ಅದರಿಂದ ತಪ್ಪಲೆಯ ಕಂಠವನ್ನು ಒಬ್ಬರು ಒತ್ತಿ ಹಿಡಿಯಬೇಕು, ಇನ್ನೊಬ್ಬರು ತೊಳಸಬೇಕು. ಇದನ್ನು ಹೇಳದೆ ಬಿಟ್ಟರೆ ಮುದ್ದೆ ಮಣ್ಣುಪಾಲು.

ನೀರಿನ ಪಾಠ ನನಗೆ ಬ್ಲಫ್‌ನಲ್ಲಿ ದುಬಾರಿಯಾಯಿತು. ಅಲ್ಲಿಯ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ನೀರು ಸೋಸುವುದನ್ನು ತೋರಿಸುತ್ತಿದ್ದೆ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗೆ ಹಿಡಿದು, ಬಾಯಿಗೆ ಬಟ್ಟೆ, ಅದರ ಮೇಲೆ ಪುಡಿ ಮಾಡಿದ ಇದ್ದಿಲು, ನಂತರ ಮರಳು, ಮೇಲೆ ಸಣ್ಣ ಕಲ್ಲು. ಮೇಲಿಂದ ಕೆಂಪು ನೀರು ಹಾಕಿದರೆ ಕೆಳಗಿಟ್ಟ ಲೋಟಕ್ಕೆ ತಿಳಿನೀರು ತೊಟ್ಟಿಕ್ಕುತ್ತದೆ. ಮಕ್ಕಳು ಕಣ್ಣರಳಿಸಿ ನೋಡುತ್ತಿದ್ದರು. ‘ಇದು ಕಣ್ಣಿಗೆ ತಿಳಿ, ಹೊಟ್ಟೆಗೆ ಅಲ್ಲ. ಕೊತಕೊತ ಕುದಿಸದೆ ಒಂದು ಹನಿಯೂ ಕುಡಿಯಬಾರದು’ ಅಂತ ನಾನು ಹೇಳುತ್ತಿರುವಾಗಲೇ ತಪಾಸಣೆಗೆ ಬಂದಿದ್ದ ಆಫೀಸರು ಮುಂದೆ ಬಂದು ಆ ಲೋಟ ಎತ್ತಿಕೊಂಡರು.

‘ಸರ್, ಅದು ಕಾಯಿಸಿಲ್ಲ.’

‘ನ್ಯಾಚುರಲ್ ವಾಟರ್ ಮೇಡಂ. ಮಿನರಲ್ಸ್ ಇರುತ್ತೆ’ ಅಂದವರೇ ಫೋಟೊದವನ ಕಡೆ ತಿರುಗಿ ಗಟಗಟ ಕುಡಿದರು.

ಆಮೇಲೆ ಒಂದು ವಾರ ಅವರು ಆಫೀಸಿಗೆ ಬರಲಿಲ್ಲ. ಬಂದ ಮೇಲೆ ನಮಗೊಂದು ಆದೇಶ ಬಂತು: ಶಿಬಿರಗಳಲ್ಲಿ ಹೊಳೆಯ ನೀರನ್ನು ಬಳಸಬಾರದು ಮತ್ತು ಹೆಣ್ಣುಮಕ್ಕಳ ಶಿಬಿರ ಮಧ್ಯಾಹ್ನ ಮೂರು ಗಂಟೆಗೇ ಮುಗಿಯಬೇಕು. ಮೊದಲನೆಯದು ಸರಿ. ಎರಡನೆಯದು ಯಾಕೆ? ಕಾಯಿಸದ ನೀರು ಕುಡಿದಿದ್ದು ಗಂಡಸು, ಕೆಟ್ಟಿದ್ದು ಗಂಡಸಿನ ಹೊಟ್ಟೆ, ಬೇಗ ಮನೆಗೆ ಹೋಗಬೇಕಾದವರು ಹುಡುಗಿಯರು! ಆ ಕಾಗದ ಹಿಡಿದು ಸ್ಟಾಫ್ ರೂಮಿನಲ್ಲಿ ನಾನು ಕೂಗಾಡಿದ್ದು ಪಕ್ಕದ ರಸ್ತೆಗೂ ಕೇಳಿಸಿತಂತೆ.

ಹೀಗೆ ಹಗಲು ಕೂಡ ಮೋಟಾಯಿತು. ಆದರೆ ಪಠ್ಯದಲ್ಲಿ ರಾತ್ರಿಯ ಪಾಠಗಳೂ ಇದ್ದವಲ್ಲ, ಅವನ್ನು ಏನು ಮಾಡುವುದು? ಫೋನಿನ ಟಾರ್ಚು ಹತ್ತಿಸಿ ಅದರ ಮೇಲೆ ನೀರು ತುಂಬಿದ ಬಾಟಲಿ ಇಟ್ಟರೆ ಟೆಂಟಿನ ತುಂಬ ಬೆಳಕು ಹರಡುತ್ತದೆ. ಇದನ್ನು ನಾನು ಹುಡುಗಿಯರನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಕಿಟಕಿಗೆ ಜಮಖಾನ ಕಟ್ಟಿ ತೋರಿಸುತ್ತಿದ್ದೆ. ಚೆಂಡು, ನೆಟ್ಟು, ಮುರಿದ ಬೆಂಚುಗಳ ನಡುವೆ ನಮ್ಮ ರಾತ್ರಿ. ದಿಕ್ಕು ಕಂಡುಹಿಡಿಯಲು ಧ್ರುವ ನಕ್ಷತ್ರವನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತೋರಿಸಿದ್ದೇನೆ. ನಡುಮಧ್ಯಾಹ್ನ. ಗಂಡುಹುಡುಗರಿಗೆ ಅದನ್ನು ಬೆರಳು ತೋರಿಸಿ ಆಕಾಶದಲ್ಲೇ ತೋರಿಸುತ್ತಿದ್ದೆ. ಅವರಲ್ಲಿ ಅರ್ಧ ಜನ ನಿದ್ದೆ ಹೊಡೆಯುತ್ತಿದ್ದರು.

ಹಾವಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಟೆಂಟಿನ ಸುತ್ತ ಉಪ್ಪು ಸುರಿಯುವುದು, ಬೆಳ್ಳುಳ್ಳಿ ಉಜ್ಜುವುದು ಇದೆಲ್ಲ ದಂಡ. ಸುತ್ತಲಿನ ಹುಲ್ಲು ಸವರಿ, ಸೌದೆ ರಾಶಿಯನ್ನು ದೂರ ಇಡಿ, ಟೆಂಟಿನೊಳಗೆ ತಿಂಡಿ ಇಡಬೇಡಿ. ತಿಂಡಿಗೆ ಇಲಿ ಬರುತ್ತದೆ, ಇಲಿಗೆ ಹಾವು. ಹಾಸಿಗೆ, ಶೂಸು ಕೊಡವಿಯೇ ಬಳಸಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಿಸದೆ ನೇರ ಆಸ್ಪತ್ರೆಗೆ. ಈಗೀಗ ಕಬ್ಬಿನ ಗದ್ದೆಯಲ್ಲಿ ಚಿರತೆಯೂ ಇರುವ ಕಾಲ, ಆದ್ದರಿಂದ ಕಬ್ಬಿನ ಮಗ್ಗುಲಲ್ಲಿ ಟೆಂಟು ಹಾಕುವ ಯೋಚನೆಯನ್ನೇ ಬಿಡಿ.

ಕಾಲ ಬದಲಾಯಿತು. ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟುಗಳು ಬಂದವು. ಒಬ್ಬ ಹೆಡ್‌ಮೇಷ್ಟ್ರು ಅಂಥದ್ದೊಂದನ್ನು ಆಸೆಪಟ್ಟು ತರಿಸಿ, ಮದ್ದೂರಿನ ಹತ್ತಿರದ ಶಿಬಿರದಲ್ಲಿ ಎಲ್ಲರ ಮುಂದೆ ಎಸೆದರು. ಅದು ಛತ್ರಿಯ ಹಾಗೆ ಪಟ್ಟನೆ ಬಿಚ್ಚಿಕೊಂಡು ಅವರ ಕನ್ನಡಕವನ್ನು ಹಾರಿಸಿತು. ಬಿಚ್ಚಲು ಒಂದು ಕ್ಷಣ, ಮಡಚಲು ಇಡೀ ಸಾಯಂಕಾಲ. ಹೆಡ್‌ಮೇಷ್ಟ್ರು ಒಂದು ತುದಿ, ಗುಮಾಸ್ತರು ಒಂದು ತುದಿ ಹಿಡಿದು ಅದರ ಜೊತೆ ಕುಸ್ತಿ ಮಾಡಿದರು. ಕೊನೆಗೆ ಅದನ್ನು ಬಿಚ್ಚಿದ ಹಾಗೆಯೇ ಗೂಡ್ಸ್ ಆಟೋ ಮೇಲೆ ಕಟ್ಟಿಕೊಂಡು ಮದ್ದೂರಿನ ಪೇಟೆ ಬೀದಿಯಲ್ಲಿ ಬಂದೆವು. ಯಾರದ್ದು ಮೆರವಣಿಗೆ ಅಂತ ಜನ ಕೇಳಿದರು. ‘ಸಾಮಾನು ಕೊಳ್ಳುವ ಮೊದಲು ಅಂಗಡಿಯಲ್ಲೇ ಮಡಚಿ ನೋಡಿ’ ಎಂಬುದು ಆ ವರ್ಷದ ಟಿಪ್.

ಈ ಎಲ್ಲ ವರ್ಷಗಳೂ ನನ್ನ ಅರ್ಜಿ ಹೋಗುತ್ತಲೇ ಇತ್ತು, ವಾಪಸು ಬರುತ್ತಲೇ ಇತ್ತು. ನಿವೃತ್ತಿಗೆ ಕೆಲವೇ ದಿನ ಬಾಕಿ ಇದ್ದಾಗ ಕೊನೆಯ ಶಿಬಿರ ಬಂತು. ಈ ಸಲ ಅಲ್ಲದಿದ್ದರೆ ಇನ್ನಿಲ್ಲ. ಹೊಸ ಆಫೀಸರ ಮುಂದೆ ಹೋಗಿ ನಿಂತೆ. ವಯಸ್ಸಿನಲ್ಲಿ ನನ್ನ ಮಗನಂಥವರು, ನಯವಾದ ಮಾತು. ಅರ್ಜಿ ಓದಿ ಸಣ್ಣಗೆ ನಕ್ಕರು.

‘ಕೊಡೋಣ ಮೇಡಂ, ಯಾಕೆ ಕೊಡಬಾರದು? ಆದ್ರೆ ಒಂದು ಕಂಡಿಷನ್. ಪ್ರತಿ ಹುಡುಗಿಯ ತಾಯಿ ರಾತ್ರಿ ಜೊತೆಗಿರಬೇಕು. ತಾಯಿ ಇಲ್ಲ ಅಂದ್ರೆ ಹುಡುಗಿ ಇಲ್ಲ.’

ಆ ನಗುವಿನ ಅರ್ಥ ನನಗೆ ಮೆಟ್ಟಿಲು ಇಳಿಯುವಾಗ ಹೊಳೆಯಿತು. ಹಸು ಕರೆಯುವವರು ಯಾರು, ಅಡಿಗೆ ಮಾಡುವವರು ಯಾರು, ಅತ್ತೆಗೆ ಮಾತ್ರೆ ಕೊಡುವವರು ಯಾರು? ಯಾವ ತಾಯಿ ಬಂದಾಳು? ಇಲ್ಲ ಅನ್ನುವ ಕೆಲಸವನ್ನು ಆತ ಜಾಣತನದಿಂದ ಹೆಂಗಸರ ತಲೆಗೆ ಕಟ್ಟಿದ್ದ. ಬಸ್‌ಸ್ಟ್ಯಾಂಡ್‌ವರೆಗೂ ಅವನನ್ನು ಬೈದುಕೊಂಡೇ ನಡೆದೆ. ವಾಪಸು ಹೋಗಿ ಆ ಕಾಗದವನ್ನು ಅವನ ಮೇಜಿನ ಮೇಲೆ ಬಿಸಾಡೋಣ ಅನ್ನಿಸಿತು. ಆದರೂ ಮಕ್ಕಳ ಮುಂದೆ ಪ್ರಯತ್ನ ಮಾಡಲಿಲ್ಲ ಅಂತ ಆಗಬಾರದಲ್ಲ, ಮಾರನೇ ದಿನ ಊರೊಳಗೆ ಹೊರಟೆ.

ಮೊದಲು ಚಿಕ್ಕತಾಯಮ್ಮನ ಮನೆ. ಆಕೆಯ ಮಗಳು ನಮ್ಮ ಹತ್ತನೇ ಕ್ಲಾಸು. ಗಂಡ ಶಿವಲಿಂಗ ನಮ್ಮ ಶಾಲೆಯ ಸಮಿತಿಯ ಅಧ್ಯಕ್ಷ. ‘ಹೆಣ್ಮಕ್ಳ್‌ನ ರಾತ್ರಿ ಆಚೆ ಮಲಗ್ಸದಾ?’ ಅಂತ ಪ್ರತಿ ಸಭೆಯಲ್ಲೂ ಎದ್ದು ನಿಲ್ಲುತ್ತಿದ್ದವರು. ಅವರೊಬ್ಬರು ಬೇಡ ಅಂದರೆ ಊರೇ ಬೇಡ ಅನ್ನುತ್ತಿತ್ತು. ಅವರು ಮನೆಯಲ್ಲಿರಲಿಲ್ಲ. ಚಿಕ್ಕತಾಯಮ್ಮ ಜಗುಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಾನು ವಿಷಯ ಹೇಳಿದೆ, ಬರಲಿಕ್ಕಾಗಲ್ಲ ಅಂತ ಹೇಳಲು ಅವಳಿಗೆ ಸುಲಭವಾಗುವ ಹಾಗೇ ಹೇಳಿದೆ.

‘ಅಲ್ಲಿ ಅಡ್ಗೆ ನಾವ್ ಮಾಡ್ಬೇಕಾ ಮೇಡಮ್ಮೋರೆ?’

‘ಇಲ್ಲಮ್ಮ, ಮಕ್ಕಳೇ ಮಾಡ್ತಾರೆ.’

‘ಪಾತ್ರೆ?’

‘ಮಕ್ಕಳೇ ತೊಳೀತಾರೆ.’

ಸೊಪ್ಪಿನ ಕಟ್ಟು ಕೆಳಗಿಟ್ಟಳು. ‘ಮತ್ತೆ ನಾವೇನ್ ಮಾಡದು?’

‘ಸುಮ್ನೆ ಕೂತಿರೋದು.’

‘ಬತ್ತೀನಿ’ ಅಂದಳು. ಅಷ್ಟೇ. ನಾನು ಇನ್ನೂ ಏನೋ ಸಮಜಾಯಿಷಿ ಹೇಳಲು ಹೋದರೆ, ‘ಬತ್ತೀನಿ ಅಂದ್ನಲ್ಲ, ಕಾಪಿ ಕುಡೀರಿ’ ಅಂದಳು. ಉಳಿದ ಮನೆಗಳಿಗೆ ಅವಳೇ ನನ್ನ ಜೊತೆ ಬಂದಳು. ಆ ಬೀದಿಯಲ್ಲಿ ಬೇಡ ಅಂದ ತಾಯಿ ಒಬ್ಬಳೂ ಇಲ್ಲ.

ಶಿಬಿರದ ದಿನ ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಸುಮ್ಮನೆ ಕೂರಲು ಬಂದ ಹೆಂಗಸರು ಸುಮ್ಮನೆ ಕೂರುತ್ತಾರೆಯೇ? ಸ್ವಾವಲಂಬನೆಯ ಶಿಬಿರಕ್ಕೆ ಒಬ್ಬಳು ಗ್ಯಾಸ್ ಒಲೆ ತಂದಿದ್ದಳು, ಸಿಲಿಂಡರ್ ಸಮೇತ. ಇನ್ನೊಬ್ಬಳು ಡಬ್ಬಿಯ ತುಂಬ ಬಸ್ಸಾರು. ಮತ್ತೊಬ್ಬಳು ಕರ್ಚಿಕಾಯಿ. ಒಬ್ಬಳು ಮಗಳ ಕೈಯಿಂದ ಗುದ್ದಲಿ ಕಿತ್ತುಕೊಂಡು ಟೆಂಟಿನ ಸುತ್ತ ಕಾಲುವೆ ತೋಡತೊಡಗಿದಳು. ‘ಇದೇನ್ ಗಂಟೇ ಇದು, ಕರಾನೂ ನಿಲ್ಲಾಕಿಲ್ಲ ಇದ್ರಲ್ಲಿ’ ಅಂತ ಇನ್ನೊಬ್ಬಳು ಹಗ್ಗವನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದಳು. ನಾನು ನನ್ನ ಜೀವಮಾನದಲ್ಲೇ ಮೊದಲ ಸಲ ಮಕ್ಕಳನ್ನು ಬಿಟ್ಟು ತಾಯಂದಿರಿಗೆ ಶೀಟಿ ಊದಿದೆ. ‘ಎಲ್ಲರೂ ಹೋಗಿ ಆ ಹುಣಸೆ ಮರದ ಕೆಳಗೆ ಕೂತ್ಕೊಳಿ! ಯಾರೂ ಏನೂ ಮುಟ್ಟಬಾರದು!’ ಅಂತ ಕಿರುಚಿದೆ. ಗೊಣಗುತ್ತ ಹೋಗಿ ಕೂತರು. ಸ್ವಲ್ಪ ಹೊತ್ತು ಕೈ ಎಲ್ಲಿಡುವುದು ಅಂತ ಗೊತ್ತಾಗದೆ ಸೆರಗು ತಿರುವುತ್ತಿದ್ದರು. ಆಮೇಲೆ ಒಬ್ಬಳು ಕಾಲು ಚಾಚಿದಳು. ಆಮೇಲೆ ಎಲ್ಲರೂ ಚಾಚಿದರು.

ಹುಡುಗಿಯರು ಮಾಡಿದ ಮುದ್ದೆ ಗಂಟುಗಂಟಾಗಿತ್ತು, ಸಾರಿಗೆ ಉಪ್ಪು ಜಾಸ್ತಿ. ಏನಂತಾರೋ ಅಂತ ನಾನು ಕಾಯುತ್ತಿದ್ದೆ. ಚಿಕ್ಕತಾಯಮ್ಮ ಎರಡನೇ ಮುದ್ದೆಗೆ ಕೈ ಚಾಚಿ, ‘ಯಾರೋ ಮಾಡಿಕ್ಕಿದ್ನ ಉಂಡು ಯಾವ್ ಕಾಲ ಆಗಿತ್ತೋ’ ಅಂದಳು.

ಹೊತ್ತು ಇಳಿಯುತ್ತಿತ್ತು. ರಸ್ತೆ ಕಡೆಯಿಂದ ಟ್ರ್ಯಾಕ್ಟರ್ ಸದ್ದು ಕೇಳಿತು. ಟ್ರೇಲರಿನಲ್ಲಿ ಏಳೆಂಟು ಗಂಡಸರು, ಮುಂದೆ ಶಿವಲಿಂಗ. ಇಳಿದು ನನ್ನ ಕಡೆ ನೋಡದೆ ನೇರ ಹೆಂಡತಿಯ ಹತ್ತಿರ ಹೋದರು.

‘ಏಳಮ್ಮಿ, ಒತ್ತಾಯ್ತು. ಮಗೀನೂ ಕರಿ. ಟೆಂಟು ಕಟ್ಟದ್ ಆಯ್ತಲ್ಲ, ಓಗಮ.’

ನಾನು ಎದ್ದೆ. ನನ್ನ ಹತ್ತಿರ ಇಷ್ಟು ವರ್ಷ ಕೂಡಿಟ್ಟ ವಾದಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು. ಬಾಯಿ ತೆಗೆದೆ. ನನ್ನನ್ನು ಯಾರೂ ಕೇಳಲಿಲ್ಲ.

‘ನಾನ್ ಬರಾಕಿಲ್ಲ’ ಅಂದಳು ಚಿಕ್ಕತಾಯಮ್ಮ, ಚಾಚಿದ ಕಾಲು ಹಾಗೇ ಇತ್ತು.

‘ಅಸ ಕರಿಯೋರ್ ಯಾರು?’

‘ನಿಮ್ಗೂ ಎಲ್ಡ್ ಕೈ ಕೊಟ್ಟವ್ನಲ್ಲ ದೇವ್ರು, ಕರ್ಕಳಿ.’

‘ಉಣ್ಣಾಕೆ?’

‘ರಾಗಿ ಇಟ್ಟದೆ, ಒಲೆ ಅದೆ. ತೊಳ್ಸಿ.’

ಪಕ್ಕದಲ್ಲಿದ್ದವರು ಕಿಸಕ್ಕೆಂದರು. ಶಿವಲಿಂಗ ಸುತ್ತ ನೋಡಿ ದನಿ ತಗ್ಗಿಸಿದರು. ‘ಅಲ್ಲಾ, ರಾತ್ರಿ ಒತ್ತು ಏನಾರ ಆದ್ರೆ?’

‘ಏನಾದದು? ನಾವೆಲ್ಲ ಇಲ್ವಾ? ತಾಯಿ ಇರ್ಲೇಬೇಕು ಅಂತ ಆಪೀಸರೇ ಏಳವ್ರೆ. ನಾನ್ ಎದ್ ಬಂದ್ರೆ ಮಗ್ಳೂ ಎದ್ ಬರ್ಬೇಕಾಯ್ತದೆ. ಅದ್ಕೇ ಬರಾಕಿಲ್ಲ. ಓಗಿ ಅತ್ಲಾಗೆ, ಬೆಳಿಗ್ಗೆ ಬತ್ತೀವಿ.’

ಬೇರೆ ಗಂಡಸರು ತಮ್ಮ ತಮ್ಮ ಹೆಂಡತಿಯರ ಕಡೆ ನೋಡಿದರು. ಒಬ್ಬಳೂ ಏಳಲಿಲ್ಲ. ಟ್ರ್ಯಾಕ್ಟರು ಆ ಇಕ್ಕಟ್ಟು ದಾರಿಯಲ್ಲಿ ತಿರುಗಿಕೊಳ್ಳಲು ಬಹಳ ಹೊತ್ತು ಒದ್ದಾಡಿತು. ಆಮೇಲೆ ಅದೇ ಗಂಡಸರನ್ನು ಹೇರಿಕೊಂಡು ಊರ ಕಡೆ ಹೋಯಿತು. ನಾನು ನಿಂತೇ ಇದ್ದೆ. ಹೆಡ್‌ಮೇಷ್ಟ್ರುಗಳನ್ನು ಕೇಳಿದ್ದೆ, ಆಫೀಸರುಗಳನ್ನು ಕೇಳಿದ್ದೆ, ಸಮಿತಿಯನ್ನು ಕೇಳಿದ್ದೆ, ಅಪ್ಪಂದಿರ ಕೈಕಾಲು ಹಿಡಿದಿದ್ದೆ. ಈ ತಾಯಂದಿರ ಜಗುಲಿಗೆ ಹೋಗಿ ಕೇಳು ಅಂತ ನನಗೆ ಯಾರಾದರೂ ಒಬ್ಬರು ಹೇಳಬಾರದಿತ್ತೇ? ಸಂತೋಷಕ್ಕಿಂತ ಮೊದಲು ನನಗೆ ಬಂದಿದ್ದು ಸಿಟ್ಟು. ಕಣ್ಣಲ್ಲಿ ನೀರು ಬಂತು, ಅದು ಯಾವುದಕ್ಕೆ ಬಂತೋ ಗೊತ್ತಿಲ್ಲ.

ಆ ರಾತ್ರಿಯ ಬಗ್ಗೆ ಬರೆಯುವಂಥದ್ದು ಏನೂ ನಡೆಯಲಿಲ್ಲ. ಮಲಗಿದರು, ಎದ್ದರು.

ಬೆಳಿಗ್ಗೆ ನಾನು ಟೆಂಟುಗಳನ್ನು ನೋಡಿದೆ. ಮೇಲೆಲ್ಲ ಇಬ್ಬನಿ ಕೂತಿತ್ತು. ಹುಡುಗಿಯರು ಕಟ್ಟಿದ ಟೆಂಟಿನ ಮೇಲೆ ಇಬ್ಬನಿ ನೋಡಿದ್ದು ಅದೇ ಮೊದಲು. ಒಳಗಿಂದ ಒಬ್ಬೊಬ್ಬರೇ ಕೂದಲು ಕೆದರಿಕೊಂಡು ತೆವಳಿ ಬರುತ್ತಿದ್ದರು, ಮಗಳ ಹಿಂದೆ ತಾಯಿ. ಚಿಕ್ಕತಾಯಮ್ಮ ಮೈ ಮುರಿದು, ಹುಡುಗಿಯರು ಕಾಯಿಸಿದ ಕಾಫಿ ತೆಗೆದುಕೊಂಡು ನನ್ನ ಪಕ್ಕ ಬಂದು ಕೂತಳು.

‘ಮುಂದಿನ್ ವರ್ಸ ಎಲ್ಗ್ ಕರ್ಕೊಂಡೋದೀರಿ ಮೇಡಮ್ಮೋರೆ?’

‘ನಾನೆಲ್ಲಮ್ಮ ಕರ್ಕೊಂಡು ಹೋಗ್ಲಿ? ಈ ತಿಂಗಳ ಕೊನೆಗೆ ರಿಟೈರ್ ಆಗ್ತೀನಿ.’

ಅವಳು ಒಂದು ಗುಟುಕು ಕುಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

‘ರಿಟೇರ್ ಆಗದ್ ನೀವಲ್ವಾ? ನಾವೇನ್ ರಿಟೇರ್ ಆಗಿದ್ದೀವಾ? ಬರೋ ಮೇಡಮ್ಮಂಗೆ ಏಳ್ಬುಟ್ ಓಗಿ.’

ಚೈತ್ರ, ಅದನ್ನು ನಿನಗೆ ಹೇಳುವುದಕ್ಕೇ ಇಷ್ಟೆಲ್ಲ ಬರೆದೆ.